ಮನಸ್ಸು ಹೇಳಿದ್ದು, ಕೈ ಮಾಡಿದ್ದು

ಶಂಭುಲಿಂಗ ಆಶ್ರಮ ಬಿಟ್ಟುಹೋಗಿ ಅದು ಮೂರನೆಯ ವರ್ಷ. ತಾಯಿ ಚೆನ್ನಾಜಮ್ಮನಿಗೆ ಕ್ಯಾನ್ಸರ್ ಎಂದು ಗೊತ್ತಾದ ದಿನವೇ ಗುರುಗಳ ಕಾಲಿಗೆರಗಿ, ನದಿಯಾಚೆಯ ಊರಿನಲ್ಲಿದ್ದ ಮನೆ ಸೇರಿದ್ದ.

ಆಪರೇಷನ್ ಆಯಿತು. ಕೀಮೋ ಆಯಿತು. ಇನ್ನೇನು ವಾಸಿಯಾಯಿತು ಎಂದು ನೆಮ್ಮದಿಯ ಉಸಿರು ಬಿಡುವಷ್ಟರಲ್ಲಿ ಕಾಯಿಲೆ ಮರುಕಳಿಸಿತು. ಮತ್ತೆ ಆಸ್ಪತ್ರೆ, ಮತ್ತೆ ಕೀಮೋ.

ತಾಯಿಯ ಬಾಯಿಹುಣ್ಣಿಗೆ ಸುಡದಂತೆ ಗಂಜಿಯನ್ನು ಮೊದಲು ತನ್ನ ಅಂಗೈಗೆ ಹಾಕಿ ನೋಡುವುದನ್ನು ಅವನು ಕಲಿತ. ಸೀರೆ ಉಡಿಸುವುದನ್ನು ಕಲಿತ. ಆಸ್ಪತ್ರೆಯ ಬೆಂಚಿನ ಮೇಲೆ ಕೂತಲ್ಲೇ ನಿದ್ದೆ ಮಾಡುವುದನ್ನೂ ಕಲಿತ.

ಒಂದು ಬೆಳಗ್ಗೆ ಪಕ್ಕದ ಮನೆಯ ಹೆಂಗಸನ್ನು ತಾಯಿಯ ಬಳಿ ಕೂರಿಸಿ ಆಶ್ರಮಕ್ಕೆ ಬಂದ. ಗಿಡಗಳಿಗೆ ನೀರು ಹಾಕುತ್ತಿದ್ದ ಗುರುಗಳು ಅವನ ಮುಖ ನೋಡಿ ಕೊಡ ಕೆಳಗಿಟ್ಟರು.

“ನನ್ನನ್ನು ಇನ್ನು ಶಿಷ್ಯ ಅನ್ನಬೇಡಿ ಗುರುಗಳೇ. ನಾನು ಪಾಪಿ.”

“ಏನಾಯಿತು?”

“ನಿನ್ನೆ ಅವ್ವ ನರಳುತ್ತಿದ್ದಳು. ಇದೆಲ್ಲ ಬೇಗ ಮುಗಿದುಹೋಗಲಿ ಅನ್ನಿಸಿತು. ಹೆತ್ತ ತಾಯಿಯ ವಿಷಯದಲ್ಲಿ ಹಾಗನ್ನಿಸಿತು.”

ಗುರುಗಳು ಬೆಚ್ಚಲಿಲ್ಲ. “ಅನ್ನಿಸಿದ ಮೇಲೆ ಏನು ಮಾಡಿದೆ?”

“ಏನು ಮಾಡಲಿ? ಗಂಜಿ ಕಾಯಿಸಿದೆ.”

“ಆಮೇಲೆ?”

“ಕುಡಿಸಿದೆ. ಎಲ್ಲ ವಾಂತಿಯಾಯಿತು. ಸೀರೆ ಬದಲಿಸಿದೆ, ನೆಲ ಒರೆಸಿದೆ.”

“ಆಮೇಲೆ?”

“ಮತ್ತೆ ಗಂಜಿ ಕಾಯಿಸಿದೆ.”

“ಮನಸ್ಸು ಒಂದು ಹೇಳಿತು, ಕೈ ಇನ್ನೊಂದು ಮಾಡಿತು. ನಾನು ಯಾವುದನ್ನು ನಂಬಲಿ?”

ಗುರುಗಳು ಒಳಗೆ ಹೋಗಿ ತಮ್ಮ ಚಾಪೆ ಹಾಸಿದರು.

“ಮಲಗು.”

“ಉಪದೇಶ ಕೇಳೋಣ ಅಂತ ಬಂದೆ, ಗುರುಗಳೇ.”

“ಇದೇ ಉಪದೇಶ. ಮಲಗು.”

ತಲೆ ಊರಿದ್ದಷ್ಟೇ ಗೊತ್ತು. ಎಚ್ಚರವಾದಾಗ ಬಿಸಿಲು ಇಳಿದಿತ್ತು. ಅವ್ವನ ನೆನಪಾಗಿ ದಡಬಡಿಸಿ ಎದ್ದ. ಗುರುಗಳು ಎಲ್ಲೂ ಕಾಣಲಿಲ್ಲ. ಸೇತುವೆ ದಾಟಿ, ಏದುಸಿರು ಬಿಡುತ್ತ ಮನೆಗೆ ಓಡಿದ.

ಬಾಗಿಲಲ್ಲೇ ನಿಂತುಬಿಟ್ಟ. ಪಕ್ಕದ ಮನೆಯ ಹೆಂಗಸಿನ ಬದಲು ಗುರುಗಳು ಮಂಚದ ಪಕ್ಕ ಕೂತು ಗಾಳಿ ಬೀಸುತ್ತಿದ್ದರು. ಬೋಳಾದ ತಲೆಗೆ ಸೆರಗು ಹೊದ್ದ ಚೆನ್ನಾಜಮ್ಮ ನಗುತ್ತಿದ್ದಳು.

“ಬಂದ್ಯಾ ಮಗಾ? ನಿಮ್ಮ ಗುರುಗಳು ಗಂಜಿ ಮಾಡಿಕೊಟ್ರು. ಉಪ್ಪೇ ಹಾಕಿರಲಿಲ್ಲ. ದೊಡ್ಡೋರು, ಹೇಳೋದು ಹೆಂಗೆ? ಸುಮ್ಮನೆ ಕುಡಿದೆ.”

ಶಂಭುಲಿಂಗ ಹತ್ತಿರ ಬಂದ. ತಿಂಗಳುಗಳಿಂದ ಏನು ಕೊಟ್ಟರೂ ಅವಳಿಗೆ ಮಣ್ಣು ತಿಂದಂತಾಗುತ್ತಿತ್ತು. “ಉಪ್ಪಿಲ್ಲದ್ದು ನಿನಗೆ ಗೊತ್ತಾಯ್ತಾ, ಅವ್ವ?”

“ಗೊತ್ತಾಯ್ತು ಕಣೋ!” ಹೇಳಿದ ಮೇಲೆಯೇ ಅದು ಅವಳಿಗೂ ಹೊಳೆದದ್ದು.

ಅವನು ಮಂಚದ ಅಂಚಿಗೆ ಹಣೆ ಇಟ್ಟು ಅತ್ತುಬಿಟ್ಟ. ನಿನ್ನೆ ಅನ್ನಿಸಿದ್ದನ್ನು ತಾಯಿಗೂ ಹೇಳಿದ.

ಚೆನ್ನಾಜಮ್ಮ ಮಗನ ತಲೆ ಸವರಿದಳು.

“ನನಗೂ ಅನ್ನಿಸ್ತದೆ ಮಗಾ. ಬಚ್ಚಲಿಗೆ ಹೋಗೋಕೂ ನಿನ್ನ ಹೆಗಲು ಹಿಡೀಬೇಕಲ್ಲ, ಆಗೆಲ್ಲ ಅನ್ನಿಸ್ತದೆ. ಸೂಜಿ ಚುಚ್ಚೋವಾಗ ಅನ್ನಿಸ್ತದೆ. ಬೆಳಗಾದ್ರೆ, ಇನ್ನೊಂದು ದಿನ ನಿನ್ನ ಮುಖ ನೋಡೋಣ ಅನ್ನಿಸ್ತದೆ. ಎದ್ದು ಕೂತ್ಕೋತೀನಿ.”

ಗುರುಗಳ ಕೈಯಲ್ಲಿದ್ದ ಬೀಸಣಿಗೆ ನಿಂತಿತು. ತಾಯಿಯನ್ನು ನೋಡಿದರು, ಆಮೇಲೆ ಮಗನನ್ನು. ಎದ್ದು ನಿಂತು ಚೆನ್ನಾಜಮ್ಮನಿಗೆ ಕೈ ಮುಗಿದರು. ಅವಳು ಸಂಕೋಚದಿಂದ ಸೆರಗು ಎಳೆದುಕೊಂಡಳು.

ಗುರುಗಳನ್ನು ಬೀಳ್ಕೊಡಲು ಶಂಭುಲಿಂಗ ಸೇತುವೆಯವರೆಗೆ ಬಂದ. ಅಲ್ಲಿ, ಬಹುದಿನಗಳಿಂದ ಮನಸ್ಸಿನಲ್ಲಿದ್ದದ್ದನ್ನು ಕೇಳಿಯೇಬಿಟ್ಟ.

“ನನ್ನ ಜೊತೆಗೆ ಆಶ್ರಮ ಸೇರಿದವರೆಲ್ಲ ಧ್ಯಾನ, ಶಾಸ್ತ್ರ ಅಂತ ಎಷ್ಟೋ ಮುಂದೆ ಹೋದರು. ನನ್ನದು ಅರ್ಧಕ್ಕೇ ನಿಂತಿತು. ನನಗೆ ಮತ್ತೆ ಪಾಠ ಯಾವಾಗ, ಗುರುಗಳೇ?”

“ಮುಂದಿನ ಕೀಮೋ ಯಾವತ್ತು?”

“ಗುರುವಾರ.”

ಗುರುಗಳು ತಲೆಯಾಡಿಸಿದರು. “ನಾನೂ ಬರುತ್ತೇನೆ. ಅಲ್ಲಿ ಹೇಗೆ ಕೂರಬೇಕು ಅಂತ ನನಗೆ ಹೇಳಿಕೊಡು.”