ಹನ್ನೆರಡು ಬಾಳೆಕಂದು

"ಹತ್ತಿರ ಬಿಟ್ಟುಕೊಂಡ ಗೆಳೆಯನೇ ನನ್ನ ಗುಟ್ಟನ್ನು ಊರ ಬಾಯಿಗೆ ಹಾಕಿದ. ಇನ್ನು ಯಾರನ್ನೂ ಹತ್ತಿರ ಬಿಟ್ಟುಕೊಳ್ಳದಿದ್ದರೆ ನೋವು ತಪ್ಪೀತೇ, ಗುರುಗಳೇ?" ಎಂದು ಅಡವಯ್ಯ ಕೇಳಿದ. ಮೂರು ದಿನದಿಂದ ಅವನು ಮಠದ ಪಂಕ್ತಿಗೆ ಬಂದಿರಲಿಲ್ಲ. ಗುಟ್ಟು ಬಯಲು ಮಾಡಿದವನು ಬೇರೆ; ಆದರೂ ಜೊತೆಗೆ ಓದುವ ಕರಿಬಸಯ್ಯ ಕರೆಯಲು ಹೋದರೆ ಬಾಗಿಲನ್ನೂ ತೆರೆಯುತ್ತಿರಲಿಲ್ಲ.

ಗುರುಗಳು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕತೆ ಹೇಳಿದರು.

ಒಬ್ಬ ರೈತನಿದ್ದ. ಅವನ ತಾಯಿ ನೆಟ್ಟ ರಸಬಾಳೆಯ ತೋಟಕ್ಕೆ ಸೊರಗು ರೋಗ ಬಿತ್ತು. ರೋಗ ಮುಟ್ಟದೆ ಉಳಿದದ್ದು ಹನ್ನೆರಡು ಕಂದು. ತಾಯಿ ತೀರಿಹೋಗಿದ್ದಳು. ಅವಳದೆಂದು ಉಳಿದದ್ದು ಆ ಹಣ್ಣಿನ ರುಚಿಯೊಂದೇ.

ಬೇರಿನ ರೋಗ ಬಲ್ಲ ಒಬ್ಬಾಕೆಯನ್ನು ಕರೆತಂದ. ಆಕೆ ಸೂಕ್ಷ್ಮದರ್ಶಕದಲ್ಲಿ ಬೇರಿನ ಚೂರು ಇಟ್ಟು ತೋರಿಸಿದಳು. "ನೋಡಪ್ಪ, ಈ ಬೂಷ್ಟು ನೀರಲ್ಲಿ ತೇಲ್ಕೊಂಡು ಬರ್ತದೆ. ಅದರ ಹೊರಗೋಡೇಲಿ ಅಂಟಿನಂಥ ಪ್ರೋಟೀನು ಅದೆ. ಅದರಿಂದ ಬೇರನ್ನ ಹಿಡ್ಕೊಂಡು, ಆಮೇಲೆ ಒಳಗೆ ನುಗ್ತದೆ."

ರೈತ ಅರ್ಧ ಕೇಳಿ ಪೂರ್ತಿ ತಿಳಿದವನ ಹಾಗೆ ಎದ್ದ. ಬೇರಿಗೆ ಏನೂ ಅಂಟಲೇಬಾರದು ಎಂದು ಹಠ ತೊಟ್ಟ. ಗುಂಡಿಗಳ ಮಣ್ಣನ್ನು ಬೆಲ್ಲ ಕಾಯಿಸುವ ಕೊಪ್ಪರಿಗೆಯಲ್ಲಿ ಹುರಿದ. ಕಂದುಗಳನ್ನು ಸುಣ್ಣದ ತಿಳಿನೀರಿನಲ್ಲಿ ತಿಕ್ಕಿ ತೊಳೆದ. ನೆಡುವ ಮುನ್ನ ಕಂದನ್ನು ಹಳೆಗೊಬ್ಬರದ ಬಗ್ಗಡದಲ್ಲಿ ಅದ್ದುವುದು ಆ ಸೀಮೆಯ ರೂಢಿ. ಅದನ್ನೂ ಬಿಟ್ಟ. ಅವನ ಹೆಂಡತಿಗೆ ಮಾತ್ರ ಅತ್ತೆಯ ಕ್ರಮ ಬಿಡಲು ಮನಸ್ಸಾಗಲಿಲ್ಲ. ಎರಡು ಕಂದನ್ನು ಬೇಡಿ ತೆಗೆದುಕೊಂಡು, ಬಗ್ಗಡದಲ್ಲಿ ಅದ್ದಿ, ಹಿತ್ತಲಲ್ಲಿ ನೆಟ್ಟಳು.

ನಾಲ್ಕು ತಿಂಗಳು ಎಲ್ಲವೂ ಹಸಿರಾಗಿದ್ದವು. ಆಮೇಲೆ ಕಾಲುವೆಯ ನೀರಿನೊಂದಿಗೆ ರೋಗ ಮತ್ತೆ ಬಂತು. ರೈತನ ಹತ್ತು ಗಿಡಗಳೂ ಹಳದಿಯಾಗಿ ಜೋತುಬಿದ್ದವು. ಹಿತ್ತಲಿಗೂ ಹೋದದ್ದು ಅದೇ ನೀರು. ಅಲ್ಲಿನ ಎರಡು ಗಿಡ ಮಾತ್ರ ಹಸಿರಾಗಿಯೇ ನಿಂತವು.

ರೈತ ಸತ್ತ ಗಿಡದ ಬುಡದಲ್ಲಿ ಕೂತು ಅತ್ತ. "ಇಷ್ಟು ಜೋಪಾನ ಮಾಡಿದ್ನಲ್ಲವ್ವ, ಎಲ್ಲಿ ತಪ್ಪಿದೆ?" ಎಂದು ಬೇರಿನ ರೋಗ ಬಲ್ಲ ಆಕೆಯನ್ನು ಮತ್ತೆ ಕರೆಸಿ ಕೇಳಿದ.

ಆಕೆ ಹಿತ್ತಲಿನ ಗಿಡದ ಬೇರನ್ನು ತೋರಿಸಿದಳು. ಅದರ ಮೇಲೂ ಒಂದು ಬೂಷ್ಟು ಹಬ್ಬಿತ್ತು. "ಇದು ಗೊಬ್ಬರದಲ್ಲಿ ಬಂದ ಒಳ್ಳೇದಪ್ಪ. ಇದೂ ಅಂಥದೇ ಅಂಟಿನಿಂದ ಬೇರನ್ನ ಹಿಡ್ಕೊಂಡದೆ. ಕೆಟ್ಟದ್ದು ಬಂದಾಗ ಜಾಗ ಬಿಟ್ಟುಕೊಡ್ಲಿಲ್ಲ. ನಿನ್ನ ಬೇರಿನ ಹತ್ರ ತಡೆಯೋಕೆ ಯಾರೂ ಇರ್ಲಿಲ್ಲ."

ಮರುವರ್ಷ ಆ ಎರಡು ಗಿಡಗಳು ಕೊಟ್ಟ ಕಂದುಗಳನ್ನು ರೈತ ತನ್ನ ಕೈಯಾರೆ ಬಗ್ಗಡದಲ್ಲಿ ಅದ್ದಿದ.

ಕತೆ ಮುಗಿಯಿತು. ಊಟದ ಗಂಟೆ ಹೊಡೆಯಿತು. ಅಡವಯ್ಯ ಎದ್ದು, ನಿನ್ನೆ ಮೊನ್ನೆಯಂತೆಯೇ ತನ್ನ ಕೋಣೆಯ ಕಡೆ ತಿರುಗಿದ.

"ಮೂರು ದಿನದಿಂದ ಕರಿಬಸಯ್ಯ ತನ್ನ ಪಕ್ಕ ನಿನಗೊಂದು ಎಲೆ ಹಾಸಿ, ಅಲ್ಲಿ ಯಾರನ್ನೂ ಕೂರಲು ಬಿಡದೆ ಉಣ್ಣುತ್ತಿದ್ದಾನೆ" ಎಂದರು ಗುರುಗಳು.

ಅಡವಯ್ಯ ಕೋಣೆಯ ಕಡೆ ಇಟ್ಟ ಹೆಜ್ಜೆಯನ್ನು ಹಿಂದೆಗೆದು ಪಂಕ್ತಿಯತ್ತ ನಡೆದ.