ಯಾರೂ ಹೆದರದ ಸಿನಿಮಾ

ಚಿದಂಬರ ಮೇಷ್ಟ್ರು ಸಿನಿಮಾಗಳಿಗೆ ಶಬ್ದ ಕೂಡಿಸಿ ಕೂಡಿಸಿ ಸಾಕಾಗಿ, ಹೊಳೆದಂಡೆಯಲ್ಲಿ ಮನೆ ಮಾಡಿಕೊಂಡಿದ್ದರು. ಕಲಿಯಲು ಬರುವ ಹುಡುಗರು ಅದನ್ನು ಆಶ್ರಮ ಎನ್ನುತ್ತಿದ್ದರು. ಮೇಷ್ಟ್ರು ಬೈದರೂ ಬಿಡುತ್ತಿರಲಿಲ್ಲ.

ಒಂದು ಬೆಳಿಗ್ಗೆ ಮೇಷ್ಟ್ರು ಕಲ್ಲಿನ ಮೇಲೆ ಪಂಚೆ ಒಗೆಯುತ್ತಿದ್ದರು; ಆಚೆ ದಡದ ಕಲ್ಲಿನ ಮೇಲೂ ಯಾರೋ ಬಟ್ಟೆ ಒಗೆಯುತ್ತಿದ್ದರು. ಆಗ ಶಿಷ್ಯ ಲೋಹಿತ ಲ್ಯಾಪ್‌ಟಾಪ್ ಅವಚಿಕೊಂಡು ಬಂದ. ಮುಖ ಬಾಡಿತ್ತು.

“ಮೇಷ್ಟ್ರೇ, ನನ್ನ ಥ್ರಿಲ್ಲರ್ ನೋಡಿ ಕ್ಲಾಸಿನವರೆಲ್ಲ ನಕ್ಕುಬಿಟ್ಟರು.”

“ಒಳ್ಳೇದಾಯ್ತಲ್ಲ, ನಿದ್ದೆಯಂತೂ ಮಾಡಲಿಲ್ಲ.”

“ತಮಾಷೆ ಮಾಡಬೇಡಿ. ಭಾನುವಾರ ಕಾಲೇಜಲ್ಲಿ ಎಲ್ಲರ ಮುಂದೆ ತೋರಿಸಬೇಕು. ಅಲ್ಲೂ ನಕ್ಕರೆ ನಾನು ಇನ್ನು ಕ್ಯಾಮೆರಾ ಮುಟ್ಟೋದಿಲ್ಲ.”

ಮೇಷ್ಟ್ರಿಗೆ ಅಯ್ಯೋ ಎನಿಸಿತು. “ಎಲ್ಲಿ, ಹಾಕು ನೋಡೋಣ.”

ಬಿಸಿಲಿಗೆ ಪರದೆ ಕಾಣದೆಂದು ಲೋಹಿತ ಹೊಳೆಗೆ ಬೆನ್ನು ಮಾಡಿ ಕುಳಿತ. ಮೇಷ್ಟ್ರು ಪಂಚೆ ಒಗೆಯುತ್ತಲೇ ಹಿಂದಿನಿಂದ ಇಣುಕಿದರು.

ಒಬ್ಬ ಹುಡುಗಿ ಖಾಲಿ ಮನೆಯೊಳಗೆ ಹೋಗುತ್ತಾಳೆ. ಕ್ಯಾಮೆರಾ ಸೊಟ್ಟಗೆ. ಕೆಂಪು ದೀಪ, ಗುಡುಗು, ನಾಯಿ ಊಳಿಡುವುದು, ಅದರ ಮೇಲೆ ಡ್ರಮ್. ದೆವ್ವವೇ ಬಂದರೂ ಕಿವಿ ಮುಚ್ಚಿಕೊಂಡು ಓಡಬೇಕು, ಅಷ್ಟು ಗದ್ದಲ!

ಲೋಹಿತ ಸಿನಿಮಾ ನಿಲ್ಲಿಸಿ ಕೇಳಿದ: “ಇದರ ಮೇಲೆ ಇನ್ನೇನು ಹಾಕಲಿ ಮೇಷ್ಟ್ರೇ?”

ಉತ್ತರ ಬರಲಿಲ್ಲ. ಬಟ್ಟೆ ಒಗೆಯುವ ಸದ್ದೂ ನಿಂತಿತ್ತು.

ತಿರುಗಿ ನೋಡಿದ. ಕಲ್ಲಿನ ಮೇಲೆ ಅರ್ಧ ಒಗೆದ ಪಂಚೆ. ಅದರಾಚೆ ಬರೀ ನೀರು.

“ಮೇಷ್ಟ್ರೇ!”

ಲ್ಯಾಪ್‌ಟಾಪ್ ಅಲ್ಲೇ ಬಿಸಾಕಿ ಓಡಿದ. ಮೊಣಕಾಲುದ್ದ ನೀರಿಗೆ ಇಳಿದೇಬಿಟ್ಟ. ಪಾಪ, ಅವನಿಗೆ ಈಜೂ ಬರದು.

“ಇಲ್ಲಿದೀನಿ ಕಣೋ,” ಎನ್ನುತ್ತ ಮೇಷ್ಟ್ರು ಮರದ ಹಿಂದಿನಿಂದ ಬಂದರು.

“ಹೀಗೆಲ್ಲ ಮಾಡ್ತಾರಾ? ಜೀವ ಬಾಯಿಗೆ ಬಂದಿತ್ತು!” ಅಂದವನು ಅತ್ತೇಬಿಟ್ಟ.

ಮೇಷ್ಟ್ರು ಹೆಗಲ ಮೇಲಿನ ಟವೆಲಿನಿಂದ ಅವನ ಮುಖ ಒರೆಸಿದರು. “ತಪ್ಪಾಯ್ತು ಮಾರಾಯ. ಅದಿರಲಿ, ನೀನು ಹೆದರಿದಾಗ ಡ್ರಮ್ ಯಾರು ಬಾರಿಸಿದರು?”

“ಯಾರೂ ಇಲ್ಲ.” ಲೋಹಿತನ ಮುಖ ತಟಕ್ಕನೆ ಅರಳಿತು. “ಗೊತ್ತಾಯ್ತು! ಶಬ್ದವನ್ನೆಲ್ಲ ತೆಗೆದುಬಿಡ್ತೀನಿ.”

“ಅಯ್ಯೋ ಪೆದ್ದೇ, ಮೊದಲು ಸದ್ದು ಇತ್ತು ಅಂತ ತಾನೇ, ನಿಂತದ್ದು ನಿನಗೆ ತಿಳಿದದ್ದು?”

“ಹಾಗಾದರೆ ಸ್ವಲ್ಪ ಹೊತ್ತು ಸದ್ದು, ಆಮೇಲೆ ನಿಲ್ಲಿಸೋದು. ಅಷ್ಟೇ ಅಲ್ವಾ?”

ಮೇಷ್ಟ್ರು ಆಚೆ ದಡ ತೋರಿಸಿದರು. “ಅಲ್ಲೂ ಒಬ್ಬರು ಬಟ್ಟೆ ಒಗೀತಿದ್ದರು. ಅವರ ಸದ್ದೂ ನಿಂತಿದೆ, ಕಲ್ಲೂ ಖಾಲಿ. ಅವರಿಗಾಗಿ ಯಾಕೆ ಓಡಲಿಲ್ಲ?”

“ಅವರು ಯಾರೋ ಏನೋ ಮೇಷ್ಟ್ರೇ!”

“ನಿನ್ನ ಸಿನಿಮಾದ ಹುಡುಗಿ?”

ಅವಳಿಗೆ ಲೋಹಿತ ಒಂದು ಹೆಸರನ್ನೂ ಇಟ್ಟಿರಲಿಲ್ಲ.

“ಅವಳು ಒಂದು ಸಲ ನಗಲಿ. ಅಮ್ಮನ ಹತ್ತಿರ ಜಗಳ ಆಡಲಿ. ನಮಗೆ ಬೇಕಾದವಳಾಗಲಿ,” ಎಂದರು ಮೇಷ್ಟ್ರು. “ಆಮೇಲೆ ಹೆದರೋ ಕೆಲಸ ನಮಗೆ ಬಿಡು.”