ದ್ಯಾಮವ್ವನ ಇಸುಬಿಗೆ ಭರಮನ ಮುಲಾಮು

ಊರಿಗೊಬ್ಬ ಪೆದ್ದ ಇರಲಿ ಅಂತ ದೇವರು ಹಂಚುತ್ತಾ ಬಂದನಂತೆ. ನಮ್ಮೂರ ಪಾಲಿನವನು ದ್ಯಾಮವ್ವನ ಹೊಟ್ಟೆಯಲ್ಲಿ ಹುಟ್ಟಿದ. ಹೆಸರು ಭರಮ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ದ್ಯಾಮವ್ವ ರೊಟ್ಟಿ ಬಡಿದು ಮಾರಿ ಅವನನ್ನು ಸಾಕಿದ್ದಳು. ಒಂದು ವರ್ಷ ಅವಳ ಎರಡೂ ಕೈಗೆ ಇಸುಬು ಹತ್ತಿತು. ಕೈ ಕೆಂಪಾಗಿ ಬಿರಿದು, ತುರಿಸಿ ತುರಿಸಿ ಸಾಕಾಯಿತು. ಆ ಕೈ ನೋಡಿದ ಗಿರಾಕಿಗಳು ಬಾಗಿಲಿಂದಲೇ ಹಿಂದಿರುಗಿದರು. ಕೈ ವಾಸಿಯಾಗದೆ ಒಲೆ ಹೊತ್ತುವ ಹಾಗಿರಲಿಲ್ಲ.

"ಪಂಡಿತರ ಹತ್ರ ಮುಲಾಮು ತಗೊಂಬಾ ತಮ್ಮಾ" ಅಂದಳು.

ಭರಮ ಮುಲಾಮನ್ನು ಅಂಗೈಯಲ್ಲಿ ಹಿಡಿದು ಉರಿಬಿಸಿಲಲ್ಲಿ ಬಂದ. ಮನೆ ಮುಟ್ಟುವಷ್ಟರಲ್ಲಿ ಅದು ಕರಗಿ ಮೊಣಕೈಯಿಂದ ತೊಟ್ಟಿಕ್ಕಿ ಮುಗಿದಿತ್ತು.

"ಅಯ್ಯ ನನ್ನ ಕರ್ಮ. ಒದ್ದಿ ಅರಿವ್ಯಾಗ ಸುತ್ತಿ ತರಬೇಕಿತ್ತೋ."

"ಹೂನವ್ವಾ, ಮುಂದಿನ ಸಲ ಹಂಗ ಮಾಡತೀನಿ."

ಮುಂದಿನ ಸಲ ಪಂಡಿತರು ಕೊಟ್ಟದ್ದು ಪುಡಿ, ಎಣ್ಣೆಯಲ್ಲಿ ಕಲಸಿ ಹಚ್ಚುವುದಕ್ಕೆ. ಭರಮ ಅದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದ. ಪುಡಿಯೆಲ್ಲ ಬಟ್ಟೆಯ ಪಾಲಾಗಿತ್ತು.

"ನಿನಗ ಬುದ್ಧಿ ಯಾವಾಗ ಬರತೈತೋ. ಡಬ್ಬ್ಯಾಗ ಹಾಕಿ, ಮುಚ್ಚಳ ಬಿಗಿ ಮಾಡಿ ತರಬೇಕಿತ್ತು."

"ಹೂನವ್ವಾ, ಮುಂದಿನ ಸಲ ಹಂಗ ಮಾಡತೀನಿ."

ಮೂರನೇ ಸಲ ಪಂಡಿತರೇ ಬೇಸತ್ತು, ತಾವೇ ಬರುತ್ತೇನೆ ಅಂದರು. ಭರಮ ಅವರ ಪೆಟ್ಟಿಗೆಯಲ್ಲಿದ್ದ ಜೋಳವನ್ನು ಅಂಗಳಕ್ಕೆ ಸುರಿದು, ಖಾಲಿ ಪೆಟ್ಟಿಗೆಯನ್ನು ಅವರ ಮುಂದೆ ತಂದಿಟ್ಟ.

"ಇದರಾಗ ಕೂಡ್ರಿ ಪಂಡಿತರ. ಮುಚ್ಚಳ ಬಿಗಿ ಮಾಡಿ ಹೊತಗೊಂಡು ಹೋಗತೀನಿ."

ಪಂಡಿತರು ಬೈಯುತ್ತಾ ನಗುತ್ತಾ ನಡೆದೇ ಬಂದರು. ದ್ಯಾಮವ್ವನ ಕೈಗೆ ಮುಲಾಮು ತೆಳ್ಳಗೆ ಸವರಿ ತೋರಿಸಿದರು. "ದಿನಾ ಎರಡು ಹೊತ್ತು ನಿಮ್ಮವ್ವನ ಕೈಗೆ ಹಿಂಗ ಹಚ್ಚು. ಹದಿನೈದು ದಿನ ಆ ಕೈಗೆ ಹಿಟ್ಟು ತಾಗಬಾರದು."

ಭರಮ ಹೊತ್ತು ತಪ್ಪದೆ ಹಚ್ಚಿದ. ರೊಟ್ಟಿಯನ್ನೂ ತಾನೇ ಬಡಿದ. ಹದಿನೈದನೇ ದಿನಕ್ಕೆ ದ್ಯಾಮವ್ವನ ಕೈ ನುಣ್ಣಗಾಗಿತ್ತು. ಆಗ ಅವಳ ಕಣ್ಣು ಮಗನ ಕೈ ಮೇಲೆ ಬಿತ್ತು. ಹಿಟ್ಟು, ನೀರು, ಬೆಂಕಿ ಸೇರಿ ಅದೂ ಕೆಂಪಾಗಿ ಬಿರಿದಿತ್ತು.

"ಇಷ್ಟು ಮುಲಾಮು ಇಟಗೊಂಡು ನೀ ಯಾಕ ಹಚ್ಚಿಕೊಳ್ಳಲಿಲ್ಲೋ?"

"ಪಂಡಿತರು ನಿನ್ನ ಕೈಗೆ ಅಂದಿದ್ರಲ್ಲಬೇ."

ದ್ಯಾಮವ್ವ ಅವನ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಮುಲಾಮು ಸವರುತ್ತಾ ಬೈದಳು. "ಇನ್ನ ಈ ಕೈಗೂ ಹಿಟ್ಟು ತಾಗಬಾರದು. ತಿಳೀತೇನು?"

"ತಿಳೀತವ್ವಾ."

ಮರುದಿನ ಬೆಳಿಗ್ಗೆ ತಪತಪ ಸದ್ದಿಗೆ ಎದ್ದು ನೋಡಿದರೆ, ಭರಮ ಕಾಲು ತಿಕ್ಕಿ ತೊಳೆದುಕೊಂಡು, ಗೋಡೆ ಹಿಡಿದು ನಿಂತು, ಅಂಗಾಲಲ್ಲಿ ರೊಟ್ಟಿ ಬಡಿಯುತ್ತಿದ್ದ.

"ಕೈ ತಾಗಿಸಿಲ್ಲವ್ವಾ" ಅಂದ.

ದ್ಯಾಮವ್ವ ಗಿರಾಕಿಗಳಿಗೆ ತನ್ನ ಕೈಯಿಂದ ಬೇರೆ ಬಡಿದು ಕೊಟ್ಟಳು. ಅಂಗಾಲಿನ ರೊಟ್ಟಿಯನ್ನು ಬೇಯಿಸಿ, ಹೆಬ್ಬೆರಳಿನ ಗುರುತಿನ ಸಮೇತ ತಾನೇ ತಿಂದಳು.